ತೋಳು ಮಡಚಿಕೊಂಡು ಎಲ್ಲಮ್ಮನ ಗುಡ್ಡ ಹತ್ತಿದ್ದು

ನನ್ನ ಬಲ ಮಣಿಕಟ್ಟಿನ ಮೇಲೆ ಮೊದಲ ಬಿಳಿ ಚುಕ್ಕೆ ಕಂಡಾಗ ನನಗೆ 24 ವರ್ಷ. ಜೋಳದ ಕಾಳಿನಷ್ಟಿತ್ತು. ಬಳೆ ತಾಗಿ ತರಚಿರಬೇಕು ಅಂದುಕೊಂಡು ಸುಮ್ಮನಾದೆ. ಆರು ತಿಂಗಳಲ್ಲಿ ಅದು ಮುಂಗೈ ಪೂರ್ತಿ ಹರಡಿತು, ಆಮೇಲೆ ಎಡಗೈಗೆ ಬಂತು, ಆಮೇಲೆ ಕತ್ತಿಗೆ. ತೊನ್ನು. ಆ ಪದವನ್ನು ಬರೆಯೋಕೆ ನನಗೆ 11 ವರ್ಷ ಬೇಕಾಯಿತು.

ಡಾಕ್ಟರ್ ಮೊದಲ ದಿನವೇ ಹೇಳಿದ್ದರು, ಇದು ಅಂಟುರೋಗ ಅಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಹೀಗಾಗುತ್ತೆ, ನಿಮ್ಮಿಂದ ಯಾರಿಗೂ ಏನೂ ಬರಲ್ಲ ಅಂತ. ಅದು ನನಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಮುಂಚೆ ಕೆಲಸ ಮಾಡುತ್ತಿದ್ದ ಕಡೆ ಒಂದು ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದೆವು. ನಾನು ಅವ್ವ ಕಳಿಸಿದ ಶೇಂಗಾ ಹೋಳಿಗೆ ಎತ್ತಿ ಪಕ್ಕದವಳ ತಟ್ಟೆಗೆ ಹಾಕಿದೆ. ಅವಳು ನಕ್ಕಳು, ಥ್ಯಾಂಕ್ಸ್ ಅಂದಳು, ಬೇರೆ ಎಲ್ಲಾ ತಿಂದಳು, ಆ ಹೋಳಿಗೆಯನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿದಳು. ನಾನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಬೇಸಿಗೆ, ಸೆಕೆ ಏನೇ ಇರಲಿ, ತುಂಬು ತೋಳಿನ ಬಟ್ಟೆ ಬಿಟ್ಟು ನಾನು ಬೇರೆ ಹಾಕಿದವಳಲ್ಲ. ಕೊರಳಿಗೆ ದುಪಟ್ಟಾ. ನೋಡೋಕೆ ಬಂದ ಗಂಡುಗಳ ಕಥೆ ಬಿಡಿ, ಅದನ್ನು ಹೇಳಿ ಉಪಯೋಗ ಇಲ್ಲ.

ಊರಲ್ಲಿ ಒಬ್ಬ ಅಜ್ಜಿ ನನ್ನ ಕೈ ನೋಡಿದ ಕೂಡಲೇ ಅಂದಳು, "ಇದು ಎಲ್ಲಮ್ಮನ ಕಾಟರಿ, ಹರಕಿ ಉಳದಿರಬೇಕು ನೋಡ್ರಿ." ನಮ್ಮ ಕಡೆ ಹಾಗೇ. ಹುಡುಗಿಯ ತಲೆಗೂದಲು ಜಡೆಗಟ್ಟಿದರೆ ಎಲ್ಲಮ್ಮ ಬಂದಳು ಅಂತಾರೆ, ಮೈ ಮೇಲೆ ಕಲೆ ಬಿದ್ದರೆ ಎಲ್ಲಮ್ಮ ಮುನಿದಳು ಅಂತಾರೆ. ನನಗೆ ಆ ದೇವಿಯ ಮೇಲೇ ಸಿಟ್ಟು ಬಂತು. ಚಿಕ್ಕವಳಿದ್ದಾಗ ಅಪ್ಪ ಚಕ್ಕಡಿ ಕಟ್ಟಿಕೊಂಡು ಸವದತ್ತಿಗೆ ಕರೆದೊಯ್ಯುತ್ತಿದ್ದ, ಎತ್ತಿನ ಕೊರಳ ಗೆಜ್ಜೆ ಕೇಳುತ್ತಾ ಹುಲ್ಲಿನ ಮೇಲೆ ಮಲಗಿ ಹೋಗುತ್ತಿದ್ದೆವು. ಅಂಥ ಸಂತೋಷ ಕೊಟ್ಟ ತಾಯಿ ನನ್ನ ಮೇಲೆ ಯಾಕೆ ಮುನಿಯುತ್ತಾಳೆ? ಮುನಿದರೆ ಮುನಿಯಲಿ, ನಾನು ಇನ್ನು ಆ ಗುಡ್ಡ ಹತ್ತಲ್ಲ ಅಂತ ತೀರ್ಮಾನ ಮಾಡಿದೆ. 11 ವರ್ಷ ಹೋಗಲಿಲ್ಲ. ಅದರ ನಡುವೆ ಅಪ್ಪ ತೀರಿಕೊಂಡ.

ಅವ್ವ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಶಕ್ತಿ ಯೋಜನೆ ಬಂದ ಮೇಲಂತೂ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಯಾರನ್ನೂ ದುಡ್ಡು ಕೇಳದೆ ಹೊರಟುಬಿಡುತ್ತಾಳೆ. 2025ರ ಫೆಬ್ರುವರಿ 12ಕ್ಕೆ ಭಾರತ ಹುಣ್ಣಿಮೆ, ಗುಡ್ಡದ ಜಾತ್ರೆ. ಅದಕ್ಕೆ ವಾರ ಮುಂಚೆ ಫೋನ್ ಮಾಡಿ, "ಈ ಸಲ ಮಂಡಿ ಭಾಳ ನೋಯಾಕತ್ತಾವು, ನೀ ಜೊತಿಗೆ ಬರ್ತೀಯೇನ?" ಅಂದಳು. ಮಂಡಿ ನೋವು ನಿಜ. ಆದರೆ ಅವಳು ಕರೆದದ್ದು ಬರೀ ಮಂಡಿಗಾಗಿ ಅಲ್ಲ ಅಂತ ನನಗೂ ಗೊತ್ತಿತ್ತು. ಹೂಂ ಅಂದೆ.

ಧಾರವಾಡದಿಂದ ಬಸ್ಸು. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿ ಟಿಕೆಟನ್ನು ಅವ್ವ ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ರಸ್ತೆಯ ಎರಡೂ ಕಡೆ ಕರಿ ಮಣ್ಣಿನ ಹೊಲ, ಹಿಂಗಾರಿ ಜೋಳ ತೆನೆ ತೂಗುತ್ತಿತ್ತು. ಚಕ್ಕಡಿಗಳು ಈಗಲೂ ಬರುತ್ತವೆ, ಟ್ರ್ಯಾಕ್ಟರ್‌ಗಳು ಜಾಸ್ತಿ ಆಗಿವೆ. ಕೊಲ್ಲಾಪುರ, ಸಾಂಗ್ಲಿ ಕಡೆಯ ಗಾಡಿಗಳೂ ಸಾಲುಸಾಲು. ಹಿಂದೆ ಕಟ್ಟಿಗೆ, ಪಾತ್ರೆ, ಅಜ್ಜಿಯರು, ಕೂಸುಗಳು, ಎಲ್ಲರ ಹಣೆಗೂ ಭಂಡಾರ.

ಗುಡ್ಡ ಹತ್ತುವ ಮೊದಲು ಜೋಗುಳಬಾವಿಗೆ ಹೋಗಬೇಕು. ಅಲ್ಲಿ ಸ್ನಾನ ಮಾಡಿ, ಅಲ್ಲಿನ ದೇವಿ ಸತ್ಯವ್ವನ ದರ್ಶನ ಮಾಡಿಕೊಂಡು, ಆಮೇಲೆ ಮೇಲೆ. ಎಲ್ಲಮ್ಮನ ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರೇಣುಕೆ ಜಮದಗ್ನಿಯ ಹೆಂಡತಿ. ದಿನಾ ಬೆಳಗ್ಗೆ ಮಲಪ್ರಭೆಗೆ ಹೋಗಿ ಹಸಿ ಮರಳಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬೆ ಮಾಡಿಕೊಂಡು ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರು ಜಲಕ್ರೀಡೆ ಆಡುವುದನ್ನು ನೋಡಿ ಒಂದು ಗಳಿಗೆ ಮನಸ್ಸು ಕದಲಿತು. ಮರಳು ಕೊಡವಾಗಲಿಲ್ಲ. ಹಾವು ಸರಿದು ಹೋಯಿತು. ಬರಿಗೈಲಿ ಮನೆಗೆ ಬಂದವಳಿಗೆ ಗಂಡ ಶಾಪ ಕೊಟ್ಟ. ಮೈಯೆಲ್ಲ ರೋಗ ಹತ್ತಿತು. ತೊನ್ನು ಅಂತ ಕೆಲವರು, ಕುಷ್ಠ ಅಂತ ಕೆಲವರು. ಮನೆ ಬಿಟ್ಟು ಕಾಡು ಅಲೆಯುತ್ತಾ ಬಂದಾಗ ಏಕಯ್ಯ ಜೋಗಯ್ಯ ಅನ್ನುವ ಇಬ್ಬರು ಸಾಧುಗಳು ಸಿಕ್ಕರು, ಅವರು ಹೇಳಿದಂತೆ ಈ ಬಾವಿಯಲ್ಲಿ ಮಿಂದು ಗುಣವಾದಳು. ಗುಣವಾಗಿ ಮನೆಗೆ ಹೋದರೆ ಕಾದಿದ್ದದ್ದು ಕೊಡಲಿ. ಅಪ್ಪನ ಮಾತಿಗೆ ಮಗ ಪರಶುರಾಮನೇ ತಾಯಿಯ ತಲೆ ಕಡಿದ. ಆಮೇಲೆ ವರ ಕೇಳಿ ಬದುಕಿಸಿಕೊಂಡ.

ಈ ಕಥೆಯನ್ನು ಎಲ್ಲರೂ ಪತಿವ್ರತೆಯ ಪರೀಕ್ಷೆ ಅಂತ ಹೇಳುತ್ತಾರೆ. ನಾನೂ ಹಾಗೇ ಕೇಳಿ ಬೆಳೆದಿದ್ದೆ. ಅವತ್ತು ಆ ನೀರಿನ ಪಕ್ಕ ಕೂತಾಗ ಅದು ಬೇರೆ ಥರ ಕೇಳಿಸಿತು.

ಅಲ್ಲಿ ಹೆಂಗಸರು ಯಾರ ಮುಲಾಜೂ ಇಲ್ಲದೆ ತಲೆ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ನಾನು ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು, ತೋಳು ಒದ್ದೆಯಾಗದ ಹಾಗೆ ಬರೀ ಕಾಲು ತೊಳೆಯುತ್ತಿದ್ದೆ. ಅವ್ವ ತನ್ನ ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲೇ ಬಂದು ನನ್ನ ಮುಂದೆ ಕೂತಳು. ಏನೂ ಹೇಳಲಿಲ್ಲ. ನನ್ನ ಬಲಗೈ ತಗೊಂಡು ಗುಂಡಿ ಬಿಚ್ಚಿ ತೋಳನ್ನು ಮಡಚಿದಳು, ಒಂದು ಮಡಿಕೆ, ಎರಡು, ಮೂರು, ಮೊಣಕೈ ತನಕ. ಚೊಂಬಿನಿಂದ ನೀರು ಹಾಕಿದಳು. ಫೆಬ್ರುವರಿಯ ಬೆಳಗಿನ ನೀರು, ಎದೆ ಝಲ್ಲೆಂದಿತು. ಬಿಳಿ ಚರ್ಮದ ಮೇಲೆ ಅವಳ ಕಪ್ಪು, ಒಡೆದ ಬೆರಳುಗಳು ಮೆಲ್ಲಗೆ ಓಡಾಡಿದವು.

ನಾನು ಕೇಳಿಯೇ ಬಿಟ್ಟೆ, "ಹನ್ನೊಂದು ವರ್ಷ ಬಂದು ಬೇಡಿಕೊಂಡಿಯಲ್ಲ ಅವ್ವಾ, ಹೋಯಿತೇನು ಇದು?"

"ಹೋಗಲಿ ಅಂತ ನಾ ಯಾವಾಗ ಬೇಡೀನಿ?" ಅಂದಳು. "ಮಗಳು ಬರಲಿ ಅಂತ ಬೇಡಾಕತ್ತಿದ್ನಿ."

ನಾನು ಅತ್ತೆ. ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಎಲ್ಲರ ಮುಖವೂ ಒದ್ದೆಯಾಗಿತ್ತು.

ಮುಂದೆ ತೋಳನ್ನು ಕೆಳಗಿಳಿಸಲಿಲ್ಲ. ಹಾಗೇ ನಡೆದೆ. ಹೋಗುತ್ತಾ ಹೋಗುತ್ತಾ ಒಂದೇ ವಿಚಾರ. ಮರಳಿನ ಕೊಡ ಹೊತ್ತ ರೇಣುಕೆಗೆ ಯಾರೂ ಗುಡಿ ಕಟ್ಟಿ ಜಾತ್ರೆ ಮಾಡುತ್ತಿಲ್ಲ ಅಲ್ವಾ? ತಪ್ಪೇ ಮಾಡದ, ಕಲೆಯೇ ಇಲ್ಲದ ಆ ಹೆಂಗಸನ್ನು ನೋಡೋಕೆ ಇಷ್ಟು ಜನ ಬರುತ್ತಿಲ್ಲ. ಕೊಡ ಒಡೆದವಳು, ಮೈ ಕೆಟ್ಟವಳು, ಮನೆಯವರೇ ಹೊರಗೆ ಹಾಕಿದವಳು, ಮಗನ ಕೈಯಲ್ಲೇ ತಲೆ ಕಳೆದುಕೊಂಡವಳು, ಅವಳೇ ಈ ಗುಡ್ಡದ ತಾಯಿ. ಇನ್ನೊಂದು. ನೀರಲ್ಲಿ ಮಿಂದ ಮೇಲೆ ಅವಳು ಗುಣವಾದಳು ಸರಿ. ಆದರೆ ಆ ರೋಗದ ಮೈ ಹೊತ್ತುಕೊಂಡು, ಯಾರೂ ಜೊತೆಯಿಲ್ಲದೆ, ಬಾವಿಯ ತನಕ ನಡೆದು ಬಂದಳಲ್ಲ, ಆ ಶಕ್ತಿ ಅವಳಿಗೆ ಯಾರು ಕೊಟ್ಟರು? ಯಾರೂ ಕೊಟ್ಟಿಲ್ಲ. ಅದು ಅವಳೊಳಗೇ ಇತ್ತು. ಕಲೆ ಮಾಯುವ ಮುಂಚೆಯೇ ಅವಳು ದೇವಿ. ನಾನು ಮಾತ್ರ ತಾಯಿಯ ಕೃಪೆ ಅಂದರೆ ಕಲೆ ಹೋಗುವುದು ಅಂತ ತಿಳಿದು, ಹೋಗಲಿಲ್ಲ ಅಂತ ಮುನಿಸಿಕೊಂಡು, ಬಾಗಿಲು ಹಾಕಿಕೊಂಡು ಕೂತಿದ್ದೆ.

ಮೇಲಿಂದ ನೋಡಿದರೆ ಮಲಪ್ರಭೆಯ ನೀರು ದೂರದ ತನಕ ಕಾಣುತ್ತೆ. ನವಿಲುತೀರ್ಥದ ಹತ್ತಿರ ಅಣೆಕಟ್ಟು ಕಟ್ಟಿದ್ದಾರೆ, ಜಲಾಶಯಕ್ಕೆ ರೇಣುಕಾಸಾಗರ ಅಂತ ಹೆಸರು. ಮರಳಿನ ಕೊಡದಲ್ಲಿ ನಿಲ್ಲದ ನೀರು ಈಗ ಅವಳ ಹೆಸರಲ್ಲೇ ನಿಂತಿದೆ, ಎಷ್ಟೋ ಊರುಗಳ ಹೊಲಕ್ಕೂ ಕುಡಿಯೋಕೂ ಹೋಗುತ್ತಿದೆ. ನೋಡುತ್ತಾ ಬಹಳ ಹೊತ್ತು ನಿಂತೆ.

ಗುಡಿಯ ಹತ್ತಿರ ಉಧೋ ಉಧೋ ಅನ್ನುವ ಕೂಗು, ಚೌಡಿಕೆ ವಾದ್ಯದ ಸದ್ದು, ಗಾಳಿಯಲ್ಲೆಲ್ಲ ಅರಿಶಿನ. ಒಬ್ಬ ಜೋಗತಿ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದಳು. ಹಿತ್ತಾಳೆ ಕೊಡ, ಅದಕ್ಕೆ ದೇವಿಯ ಮುಖ, ಸೀರೆ, ನವಿಲುಗರಿ, ಹೂವು. ಎರಡೂ ಕೈ ಬಿಟ್ಟಿದ್ದಳು. ಮಂಡಿ ಬಗ್ಗಿಸಿ ಕೂತಳು, ಎದ್ದಳು, ಗರಗರ ತಿರುಗಿದಳು, ಕತ್ತಿನ ನರ ಬಿಗಿದದ್ದು ಹತ್ತಿರದಿಂದ ಕಾಣುತ್ತಿತ್ತು, ಕೊಡ ಮಾತ್ರ ಅಲುಗಲಿಲ್ಲ. ಮನೆಯವರು ಬೇಡ ಅಂದ ಎಷ್ಟೋ ಜೀವಗಳಿಗೆ ಈ ತಾಯಿ ಮಡಿಲು ಕೊಟ್ಟಿದ್ದಾಳೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಜೋಗಪ್ಪ, ಜೋಗತಿ ಅಂತ ಕರೆಸಿಕೊಂಡು ಅವಳ ಹೆಸರಲ್ಲಿ ಬದುಕಿದ್ದಾರೆ. ಮಂಜಮ್ಮ ಜೋಗತಿ ಅವರು ಇದೇ ಕೊಡ ಹೊತ್ತು ಕುಣಿದವರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತೆ. ಇದೇ ತಾಯಿಯ ಹೆಸರು ಹೇಳಿ ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿದರು, ಅಂದರೆ ದೇವದಾಸಿಯರಾಗಿ ಬಿಟ್ಟರು, ಬಾಳು ಕಸಿದರು. 1982ರಲ್ಲಿ ಕರ್ನಾಟಕ ಅದನ್ನು ಕಾನೂನು ಮಾಡಿ ನಿಷೇಧಿಸಿತು. ಆದರೂ ಕಾನೂನು ಬಂದ ದಿನವೇ ನಿಂತುಹೋಗಲಿಲ್ಲ. ನನ್ನ ಕೈ ನೋಡಿ ಎಲ್ಲಮ್ಮನ ಕಾಟ ಅಂದ ಅಜ್ಜಿಯ ಮಾತೂ ಅದೇ ಬೇರಿನದು. ಹೆಣ್ಣುಮಕ್ಕಳ ಮೈ ಮೇಲೆ ಬರುವುದನ್ನೆಲ್ಲ ದೇವಿಯ ಸಿಟ್ಟು ಅನ್ನುತ್ತಾರೆ. ಅಷ್ಟೆಲ್ಲಾ ಕಷ್ಟ ಉಂಡ ತಾಯಿ ಇನ್ನೊಬ್ಬ ಹೆಣ್ಣಿಗೆ ಅದನ್ನೇ ಬಡಿಸುತ್ತಾಳೆ ಅಂತ ನಾನು ನಂಬಲ್ಲ.

ಮಧ್ಯಾಹ್ನ ಅವ್ವ ಪಡ್ಡಲಗಿ, ಅಂದರೆ ದೇವಿಯ ನೈವೇದ್ಯದ ಬುಟ್ಟಿ, ತುಂಬಿಸಿದಳು. ಕಡಬು, ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಆಮೇಲೆ ದೇವಿಗೆ ಉಡಿ ತುಂಬಲು ಖಣ, ಕೊಬ್ಬರಿ, ಅಕ್ಕಿ, ಹಸಿರು ಬಳೆ ತೆಗೆದಳು. ನಾನು ಬೆಚ್ಚಿದೆ. ಅಪ್ಪ ಹೋದ ಮೇಲೆ ಊರಲ್ಲಿ ಯಾರ ಕುಬಸಕ್ಕೂ, ಅಂದರೆ ಸೀಮಂತಕ್ಕೂ, ಅವ್ವನನ್ನು ಉಡಿ ತುಂಬಲು ಕರೆದಿಲ್ಲ. ಕರೆದರೂ ಅವಳೇ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಾಳೆ. ಇಲ್ಲಿ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಗಟ್ಟಿಯಾಗಿ ಉಧೋ ಅಂದು ಕೊಟ್ಟಳು. ಯಾರೂ ಅವಳ ಹಣೆ ನೋಡಲಿಲ್ಲ.

ಈ ಹುಣ್ಣಿಮೆಯ ವಿಶೇಷವೇ ಅದು. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತ ಅಂತ ದೇವಿಯ ಕಂಕಣ ತೆಗೆಯುತ್ತಾರೆ, ಅವಳಿಗೂ ವಿಧವೆಯ ದಿನಗಳು ಬರುತ್ತವೆ. ಭಾರತ ಹುಣ್ಣಿಮೆಗೆ ಮತ್ತೆ ಕಂಕಣ ಕಟ್ಟುತ್ತಾರೆ, ಅವಳು ಮತ್ತೆ ಮುತ್ತೈದೆ. ನಡುವಿನ ಎರಡು ತಿಂಗಳು ಬಳೆಯಿಲ್ಲದ ಕೈಯ ದೇವಿಗೂ ಜನ ಅಷ್ಟೇ ಭಕ್ತಿಯಿಂದ ಕೈ ಮುಗಿಯುತ್ತಾರೆ. ಅವ್ವನ ವರ್ಷಗಳಿಗೆ ಮಾತ್ರ ಯಾರೂ ಹುಣ್ಣಿಮೆ ಗೊತ್ತು ಮಾಡಿಲ್ಲ.

ಇಳಿಯುವಾಗ ಬಳೆ ಅಂಗಡಿಗಳ ಸಾಲು. ನಾನು 11 ವರ್ಷದಿಂದ ಗಾಜಿನ ಬಳೆ ಹಾಕಿಲ್ಲ, ಬಳೆ ಅಂದರೆ ಎಲ್ಲರ ಕಣ್ಣು ಕೈಗೆ ಹೋಗುತ್ತೆ ಅಂತ. ಅವತ್ತು ಹೋಗಿ ಕೂತೆ. ಬಳೆಗಾರ್ತಿ ವಯಸ್ಸಾದವಳು. ನನ್ನ ಕೈ ಹಿಡಿದು ಒಮ್ಮೆ ತಿರುಗಿಸಿ ನೋಡಿದಳು. ಅವಳು ಅಳತೆ ನೋಡಿದ್ದು, ಅಷ್ಟೇ. ಹೆಬ್ಬೆರಳಿನ ಗಂಟು ಒತ್ತಿ ಒತ್ತಿ ಮೆತ್ತಗೆ ಮಾಡಿದಳು, ನಾಲ್ಕೂ ಬೆರಳು ಕೂಡಿಸಿ ತನ್ನ ಮುಷ್ಟಿಯೊಳಗೆ ಹಿಡಿದಳು. ಅಪರಿಚಿತರು ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ನೆನಪಿಲ್ಲ. ನನಗೆ ಗೊತ್ತಿಲ್ಲದೆ ಕೈ ಬಿಗಿ ಮಾಡಿಕೊಂಡಿದ್ದೆ.

"ಸಡ್ಲ ಬಿಡವ್ವಾ ಕೈ," ಅಂದಳು. "ಬಿಗಿ ಹಿಡದ್ರ ಬಳಿ ಒಡಿತಾವು."

ಬಿಟ್ಟೆ. ಒಂದು ಡಜನ್ ಹಸಿರು ಬಳೆ ಒಂದೊಂದಾಗಿ ಜಾರಿ ಬಂದು ಬಿಳಿ ಮಣಿಕಟ್ಟಿನ ಮೇಲೆ ಕೂತವು. ಅವ್ವ ನೋಡುತ್ತಾ ನಿಂತಿದ್ದಳು.

"ನಿನಗೂ ಹಾಕಲೇನವ್ವಾ?" ಬಳೆಗಾರ್ತಿ ತಲೆ ಎತ್ತದೆ ಕೇಳಿದಳು.

ಅವ್ವ ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಗುಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ನನ್ನ ಪಕ್ಕ ಕೂತು, ಸೆರಗಿನಿಂದ ಕೈ ಒರೆಸಿ ಮುಂದೆ ಚಾಚಿದಳು.

"ಎರಡೆರಡು ಸಾಕು," ಅಂದಳು.