ಹಳೇ ನಂಬರ್ ಪ್ಲೇಟಲ್ಲಿ ಅಂಥದ್ದೇನಿದೆ ಅಂತ ಕೇಳೋರಿಗೆಲ್ಲ

ಮನೆಗೆ ಬಂದೋರು ಗೋಡೆ ನೋಡಿದ ತಕ್ಷಣ ಕೇಳೋದೇ ಇದು, "ಈ ತುಕ್ಕು ಹಿಡಿದ ತಗಡೆಲ್ಲ ಯಾಕ್ರೀ ನೇತಾಕಿದೀರ, ಅಂಥದ್ದೇನಿದೆ ಇದರಲ್ಲಿ?" ಅಂತ. ಮದುವೆ ಊಟದ ಪಂಕ್ತಿಲೂ ಕೇಳ್ತಾರೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಕೂತು ಬರೆದೇ ಬಿಡೋಣ ಅಂತ.

ಹಳೇ ಪ್ಲೇಟನ್ನ ಓದೋಕಾಗುತ್ತೆ ಕಣ್ರೀ, ಅದೇ ಇಷ್ಟ ನಂಗೆ. ಗಾಡಿ ಸುಮಾರು ಯಾವ ಕಾಲದ್ದು, ಯಾವ ಕಡೆದು, ಸ್ವಂತದ್ದಾ ಬಾಡಿಗೆದಾ, ಬರೆದ ಪೇಂಟರ್ ಕೈ ಹೆಂಗಿತ್ತು, ಎಲ್ಲಾ ಆ ತಗಡಲ್ಲೇ ಇರುತ್ತೆ.

ಈಗಿನ ಹುಡುಗರಿಗೆ ಕೆಎ ಬಿಟ್ಟು ಬೇರೆ ಗೊತ್ತಿಲ್ಲ. ಕೆಎ ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಯಾದ ಮೇಲೆ. ಅದಕ್ಕೂ ಮುಂಚೆ ಮೂರು ಅಕ್ಷರ, ಆಮೇಲೆ ಹೆಚ್ಚು ಅಂದ್ರೆ ನಾಲ್ಕಂಕಿ, ಮುಗೀತು. ನಮ್ಮ ಕಡೆ ಎಂವೈ ಇಂದ ಶುರುವಾಗೋವು, ಎಂವೈ ಅಂದ್ರೆ ಮೈಸೂರು, ಅರಮನೆ ಇರೋ ಊರಲ್ಲ, ಮೈಸೂರು ರಾಜ್ಯ. ಎಂಇ ಕೂಡ ಇತ್ತು, ಆಮೇಲೆ ಸಿಎ, ಸಿಕೆ, ಸಿಎನ್, ಸಿಟಿ ಅಂತ ಸಿ ಸಾಲು ಬಂತು. ಮೂರನೇ ಅಕ್ಷರ ನೋಡಿ ಊರು ಹೇಳೋರು ಇದ್ರು. ಮಂಗಳೂರು ಕಡೆಯ ಹಳಬರ ಮುಂದೆ ಎಂವೈಎಕ್ಸ್, ಸಿಎನ್‌ಎಕ್ಸ್ ಅಂತ ಸುಮ್ನೆ ಅಂದು ನೋಡಿ, "ಓ ನಮ್ಮ ಕಡೆ ಗಾಡಿ" ಅಂತ ಮುಖ ಅರಳುತ್ತೆ, ಆಮೇಲೆ ಅವರ ಮನೆ ಫಿಯೆಟ್ ಕಥೆ ಮುಗಿಯೋವರೆಗೂ ಎದ್ದು ಬರೋ ಹಂಗಿಲ್ಲ.

1956ಕ್ಕಿಂತ ಹಿಂದಕ್ಕೆ ಹೋದ್ರಂತೂ ಇನ್ನೂ ಮಜಾ. ಆಗ ಮಂಗಳೂರು ಮದ್ರಾಸಿಗೆ ಸೇರಿತ್ತು, ಹುಬ್ಬಳ್ಳಿ ಧಾರವಾಡ ಬಾಂಬೆಗೆ, ಕಲಬುರಗಿ ರಾಯಚೂರು ಹೈದರಾಬಾದಿಗೆ, ಕೊಡಗು ತಾನೇ ಒಂದು ರಾಜ್ಯ, ಹಂಗಾಗಿ ಇವತ್ತು ಕರ್ನಾಟಕ ಅನ್ನೋ ಜಾಗದಲ್ಲಿ ಓಡಾಡ್ತಿದ್ದ ಗಾಡಿಗಳೆಲ್ಲ ಬೇರೆ ಬೇರೆ ಸರ್ಕಾರದ ನಂಬರ್ ಹೊತ್ಕೊಂಡಿದ್ವು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯ್ತು, ಆಫೀಸು ಬೋರ್ಡು, ಸೀಲು, ಲೆಟರ್‌ಹೆಡ್ಡು ಎಲ್ಲಾ ಬದಲಾಯ್ತು, ಆದ್ರೆ ಆಗ್ಲೇ ರಿಜಿಸ್ಟರ್ ಆಗಿದ್ದ ಗಾಡಿ ನಂಬರ್ ಬದಲಾಗ್ಲಿಲ್ಲ. ಇವತ್ತಿಗೂ ವಿಂಟೇಜ್ ರ್‍ಯಾಲಿಲಿ ಎಂವೈಬಿ ನಂಬರಿನ ಕಾರು ಬಂದ್ರೆ ಆ ಮೈಸೂರು ರಾಜ್ಯ ಇನ್ನೂ ರೋಡಲ್ಲಿ ಓಡ್ತಿದೆ ಅನ್ನಿಸುತ್ತೆ ನಂಗೆ.

ಬಣ್ಣದ್ದೂ ಒಂದು ಲೆಕ್ಕ ಇದೆ. ಹಳೇ ಕಾಲದಲ್ಲಿ ಸ್ವಂತ ಗಾಡಿಗೆ ಕಪ್ಪು ಪ್ಲೇಟ್ ಬಿಳಿ ಅಕ್ಷರ, ಬಾಡಿಗೆ ಗಾಡಿಗೆ ಬಿಳಿ ಪ್ಲೇಟ್ ಕಪ್ಪು ಅಕ್ಷರ. 2000ದ ದಶಕದ ಶುರುವಲ್ಲಿ ಸ್ವಂತದ್ದು ಬಿಳಿ ಆಯ್ತು, ಟ್ಯಾಕ್ಸಿ ಲಾರಿದು ಹಳದಿ ಆಯ್ತು. ಕಪ್ಪು ಪ್ಲೇಟ್ ಈಗ್ಲೂ ಕಾಣುತ್ತೆ, ಆದ್ರೆ ಹಳದಿ ಅಕ್ಷರ ಇರುತ್ತೆ, ಅದು ಸೆಲ್ಫ್ ಡ್ರೈವ್ ಬಾಡಿಗೆ ಕಾರು, ನೋಡಿ ಹಳೇ ಗಾಡಿ ಅಂತ ಖುಷಿಪಡಬೇಡಿ.

ನಂಗೆ ಜಾಸ್ತಿ ಪ್ರೀತಿ ಮಾತ್ರ ಬೈಕಿನ ಪ್ಲೇಟ್ ಮೇಲೆ. ಹಳೇ ಬುಲೆಟ್, ಜಾವಾ, ಯೆಜ್ಡಿಗಳಿಗೆ ಮುಂದಿನ ಮಡ್‌ಗಾರ್ಡ್ ನೆತ್ತಿ ಮೇಲೆ ಉದ್ದಕ್ಕೆ ಬಾಗಿದ ಒಂದು ತಗಡು ನಿಲ್ಲಿಸಿರ್ತಿದ್ರು, ಎರಡೂ ಕಡೆ ನಂಬರ್ ಬರೀಬೇಕು, ಬಾಗಿದ ತಗಡಿಗೆ ತಕ್ಕಂಗೆ ಅಕ್ಷರಾನೂ ಬಾಗಬೇಕು, ಯಾರಿಗಾದ್ರೂ ತಾಗಿದ್ರೆ ಕೊಯ್ದು ಹಾಕೋ ಥರ ಇರ್ತಿತ್ತು, ಅದು ಹೋಗಿದ್ದೇ ಒಳ್ಳೇದು ಬಿಡಿ. ಆದ್ರೆ ಎನಾಮಲ್ ಪೇಂಟಲ್ಲಿ ಕೈಯಲ್ಲೇ ಬರೆದ ಆ ನಂಬರ್ ಇದೆಯಲ್ಲ, ಒಬ್ಬ 3 ಬರೆದ ಹಂಗೆ ಇನ್ನೊಬ್ಬ ಬರೀತಿರ್ಲಿಲ್ಲ, ಕೆಲವ್ರು ಅಕ್ಷರಕ್ಕೆ ಶೇಡ್ ಕೊಡ್ತಿದ್ರು, ಮೂಲೇಲಿ ಸಣ್ಣದಾಗಿ ತಮ್ಮ ಅಂಗಡಿ ಹೆಸರೂ ಬರೆದಿರ್ತಿದ್ರು. ನನ್ನ ಹತ್ರ ಇರೋದ್ರಲ್ಲಿ ಒಂದು ಜಾವಾದು, ಮೈಸೂರಿನ ಯಾದವಗಿರಿ ಫ್ಯಾಕ್ಟರಿ ಗಾಡಿ. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚೋಯ್ತು. ಗಾಡಿ ಗುಜರಿಗೆ ಹೋಗಿದೆ, ಪ್ಲೇಟ್ ಉಳ್ಕೊಂಡಿದೆ.

ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಬಂದಿದ್ದಕ್ಕೆ ನಿಂಗೆ ಸಿಟ್ಟಿಲ್ವಾ ಅಂತಾನೂ ಕೇಳ್ತಾರೆ. ಇಲ್ಲಪ್ಪ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆಲ್ಲ ಅದೇ, ಅದಕ್ಕಿಂತ ಹಳೇ ಗಾಡಿಗೂ ಹಾಕಿಸ್ಕೊಳಿ ಅಂತ ನಮ್ಮ ಸರ್ಕಾರ 2023ರಲ್ಲಿ ಹೇಳಿ ಡೇಟ್ ಮುಂದಕ್ಕೆ ಹಾಕ್ತಾನೇ ಹೋಯ್ತು, ಅದು ಎಲ್ರಿಗೂ ಗೊತ್ತು. ಅಲ್ಯೂಮಿನಿಯಂ ಪ್ಲೇಟು, ಅಶೋಕ ಚಕ್ರದ ಹೋಲೋಗ್ರಾಮ್, ಲೇಸರಲ್ಲಿ ಕೊರೆದ ಪ್ಲೇಟಿನದೇ ಸೀರಿಯಲ್ ನಂಬರ್, ಬಿಚ್ಚಿದ್ರೆ ಮತ್ತೆ ಕೂರದ ಲಾಕು, ಗಾಡಿ ಕಳ್ಳರಿಗೆ ಕಷ್ಟ ಆಗುತ್ತಲ್ಲ, ಆಗ್ಲಿ. ಗಾಡಿ ನಂಬರ್ ಹಳೇದೇ ಇರುತ್ತೆ, ತಗಡು ಮಾತ್ರ ಹೊಸದು. ಬೇಜಾರು ಏನಂದ್ರೆ ಪ್ಲೇಟ್ ಬರೀತಿದ್ದ ಆ ಪೇಂಟರ್‌ಗಳ ಕೆಲಸ ಹೋಯ್ತು, ಅದೂ ಒಂದೇ ಸಲಕ್ಕಲ್ಲ, ರೇಡಿಯಂ ಸ್ಟಿಕರ್ ಬಂದಾಗ್ಲೇ ಅರ್ಧ ಹೋಗಿತ್ತು.

ಇನ್ನೊಂದು, ಗುಜರಿಲಿ ಸಿಕ್ಕಿದ ಹಳೇ ಪ್ಲೇಟನ್ನ ಶೋಕಿಗೆ ಹೊಸ ಬುಲೆಟ್‌ಗೆ ಹಾಕ್ಕೊಂಡು ಓಡಾಡೋರಿದ್ದಾರೆ. ದಯವಿಟ್ಟು ಬೇಡ, ಅದು ಸುಳ್ಳು ನಂಬರ್, ಕೇಸ್ ಆಗುತ್ತೆ. ಗೋಡೆಗೆ ಹಾಕ್ಕೊಳಿ ಸಾಕು.

ಮನೇಲಿ ತಾತನ ಕಾರೋ ಸ್ಕೂಟರೋ ಪೇಪರ್ ಸಮೇತ ಇದ್ರೆ ಮಾತ್ರ ಬೇರೆ ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ರೂಲ್ ಮಾಡಿದೆ, ಮೊದಲು ರಿಜಿಸ್ಟರ್ ಆಗಿ 50 ವರ್ಷ ದಾಟಿದ, ಒರಿಜಿನಲ್ಲಾಗೇ ಇರೋ ಗಾಡಿ ಆಗಿದ್ರೆ ಹಳೇ ನಂಬರನ್ನೇ ಉಳಿಸ್ಕೋಬಹುದು. ರಿಜಿಸ್ಟ್ರೇಷನ್ನೇ ಇಲ್ದಿದ್ರೆ ಹೊಸದಾಗಿ ವಿಎ ಅನ್ನೋ ಸೀರೀಸಲ್ಲಿ ಕೊಡ್ತಾರೆ, ಫೀಸು 20,000 ರೂಪಾಯಿ, 10 ವರ್ಷ ನಡೆಯುತ್ತೆ. ಆದ್ರೆ ವಿಂಟೇಜ್ ಅಂತ ಮಾಡಿಸಿದ್ರೆ ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರೋಡಿಗಿಳಿಸ್ಬೇಕು, ದಿನಾ ತರಕಾರಿ ತರೋಕೆ ಹೋಗೋ ಹಂಗಿಲ್ಲ. ದಿನಾ ಓಡಿಸ್ತೀನಿ ಅನ್ನೋರು ಅದರ ತಂಟೆಗೆ ಹೋಗ್ದೆ ಮಾಮೂಲಿ ಥರ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಕೊಂಡು ಹೋಗಿ. ಹೊಸ ಪ್ಲೇಟ್ ಹಾಕಿಸಿದ ದಿನ ಬಿಚ್ಚಿದ ಹಳೇ ತಗಡನ್ನ ಮಾತ್ರ ಗ್ಯಾರೇಜಲ್ಲಿ ಬಿಟ್ಟು ಬರ್ಬೇಡಿ, ಬೇಡ ಅನ್ಸಿದ್ರೆ ನಂಗೊಂದು ಫೋನ್ ಮಾಡಿ.