ಟರ್ಬೊ ಸುಮ್ಮನಿರುವ ಹೊತ್ತು: 1.2 ಲೀಟರ್ ಗಾಡಿಯೊಂದರ ಮೈಲೇಜ್ ಲೆಕ್ಕ

ಗಾಡಿಯ ವಿವರ ಮೊದಲು. 1,199 ಸಿಸಿ, ಮೂರು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್, ಆರು ಗೇರಿನ ಮ್ಯಾನ್ಯುಯಲ್. ಡ್ರೈವರ್ ಸೇರಿ ತೂಕ 1,350 ಕೆ.ಜಿ. ಟರ್ಬೊ ಅಂದರೆ ಎಕ್ಸಾಸ್ಟಿನ ರಭಸಕ್ಕೆ ಟರ್ಬೈನ್ ತಿರುಗಿ, ಅದಕ್ಕೆ ಜೋಡಿಸಿದ ಕಂಪ್ರೆಸರ್ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ. ವೇಸ್ಟ್‌ಗೇಟ್ (ಎಕ್ಸಾಸ್ಟಿನ ಒಂದು ಪಾಲನ್ನು ಟರ್ಬೈನಿಗೆ ತಾಗದಂತೆ ಹೊರಬಿಡುವ ಬಾಗಿಲು) ಹಳೇ ಬಗೆಯದು: ಗಾಳಿಯ ಒತ್ತಡಕ್ಕೆ ಡಬ್ಬಿಯೊಳಗಿನ ಸ್ಪ್ರಿಂಗ್ ಮಣಿದು ಕಡ್ಡಿ ತಳ್ಳುವಂಥದ್ದು. ಏರ್ ಫ್ಲೋ ಸೆನ್ಸರ್ ಇಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಮತ್ತು ಉಷ್ಣತೆ ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಗಾಳಿಯ ಲೆಕ್ಕ ಹಾಕುತ್ತದೆ. ‘ಟರ್ಬೊ ಗಾಡಿ ಪೆಟ್ರೋಲ್ ಕುಡಿಯುತ್ತೆ’ ಅನ್ನುವ ಮಾತಿನಲ್ಲಿ ಟರ್ಬೊದ ಪಾಲೆಷ್ಟು, ಬಲಗಾಲಿನ ಪಾಲೆಷ್ಟು ಎಂದು ಬೇರ್ಪಡಿಸುವುದೇ ಇಲ್ಲಿನ ಕೆಲಸ.

ಓಡೊಮೀಟರ್ 41,180 ಕಿ.ಮೀ.: ಅಳತೆಯನ್ನೇ ಮೊದಲು ಸರಿಮಾಡಿದ್ದು

ದಾರಿ ಬೆಂಗಳೂರು–ಹಾಸನ–ಸಕಲೇಶಪುರ–ಶಿರಾಡಿ ಘಾಟಿ–ಮಂಗಳೂರು, ರಾಷ್ಟ್ರೀಯ ಹೆದ್ದಾರಿ 75. ಹೋಗಿ ಬಂದರೆ 704 ಕಿ.ಮೀ. ಹೋಗುವಾಗಿನ ಮೈಲೇಜನ್ನಷ್ಟೇ ಹಿಡಿದು ಖುಷಿಪಟ್ಟರೆ ಮೋಸ ಹೋದಂತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 1,350 ಕೆ.ಜಿ.ಯನ್ನು ಅಷ್ಟೆತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 12 ಮೆಗಾಜೂಲ್. ಎಂಜಿನ್ನಿನ ದಕ್ಷತೆ ಶೇ. 30 ಎಂದು ಹಿಡಿದರೆ 1.3 ಲೀಟರ್ ಪೆಟ್ರೋಲ್. ಇಳಿಯುವಾಗ ಇದರಲ್ಲಿ ಒಂದಿಷ್ಟು ಪುಕ್ಕಟೆ ಸಿಗುತ್ತದೆ, ಉಳಿದದ್ದು ಶಿರಾಡಿಯ ತಿರುವುಗಳಲ್ಲಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಎರಡೂ ದಿಕ್ಕು ಸೇರಿಸಿದ ಲೆಕ್ಕ ಮಾತ್ರ ಇಲ್ಲಿ ಬರೆದಿದೆ.

ಅದೇ ಬಂಕ್, ಅದೇ ಪಂಪ್, ಗಾಡಿ ನಿಲ್ಲಿಸಿದ ದಿಕ್ಕೂ ಅದೇ. ಮೊದಲ ಆಟೋ-ಕಟ್‌ಗೆ ನಿಲ್ಲಿಸುವುದು. ರೌಂಡ್ ಫಿಗರ್ ಮಾಡಲು ಮೇಲೆ ತುಂಬಿಸಿದರೆ ಅರ್ಧ ಲೀಟರ್ ಅತ್ತಿತ್ತ ಆಗುತ್ತದೆ, ಟ್ಯಾಂಕಿನ ಆವಿ ಹೀರುವ ಕ್ಯಾನಿಸ್ಟರ್‌ಗೂ ಒಳ್ಳೆಯದಲ್ಲ.

ಮೊದಲ ಸುತ್ತು: 41.9 ಲೀಟರ್, ಅಂದರೆ ಲೀಟರಿಗೆ 16.8 ಕಿ.ಮೀ. ಡ್ಯಾಶ್‌ಬೋರ್ಡ್ ತೋರಿಸಿದ್ದು 18.1.

ಇಂಧನ ಇ20. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೆ ಎಥನಾಲಿನಲ್ಲಿ 21 ಚಿಲ್ಲರೆ. ಶೇ. 20 ಬೆರೆಸಿದಾಗ ಲೀಟರಿನ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ. 7ರಷ್ಟು, ಇ10ಕ್ಕಿಂತ ಶೇ. 3ರಿಂದ 4ರಷ್ಟು ಕಡಿಮೆ. ಎಥನಾಲಿನ ಆಕ್ಟೇನ್ ಜಾಸ್ತಿ ಎನ್ನುವುದು ನಿಜವೇ. ಆದರೆ ಅದನ್ನು ಬಳಸಿಕೊಳ್ಳುವಂತೆ ಕಂಪ್ರೆಷನ್, ಇಗ್ನಿಷನ್ ಟೈಮಿಂಗ್ ಹೊಂದಿಸಿದ ಎಂಜಿನ್ನಿಗಷ್ಟೇ ಲಾಭ. ಹಳೆಯ ಇ10 ಅಂಕಿಯ ಪಕ್ಕ ಇ20 ಅಂಕಿ ಇಟ್ಟು ಟರ್ಬೊವನ್ನು ಬೈಯುವುದು ತಪ್ಪು.

ಓಡೊ 41,900: ಲಾಗ್ ಬಿಡಿಸಿ ನೋಡಿದಾಗ

ಇಸಿಯುವಿನ ಅಂಕಿಗಳನ್ನು ಹೊರಗೆ ಓದಲು ಇರುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದ ಅಡಾಪ್ಟರ್, ಫೋನಿನಲ್ಲಿ ಲಾಗರ್. ಎಲ್ಲ ಪಿಐಡಿಗಳನ್ನೂ (ಒಂದೊಂದು ಅಳತೆಯ ಸಂಕೇತ) ಒಟ್ಟಿಗೆ ಕೇಳಿದರೆ ಒಂದೊಂದರ ಸರದಿ ಬರಲು ಎರಡು ಸೆಕೆಂಡ್ ಹಿಡಿದು, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರುವುದೇ ಕಾಣುವುದಿಲ್ಲ. ಆರಕ್ಕೆ ಇಳಿಸಿದ್ದು: ಮ್ಯಾನಿಫೋಲ್ಡ್ ಒತ್ತಡ (0ಬಿ), ಆರ್‌ಪಿಎಂ (0ಸಿ), ವೇಗ (0ಡಿ), ಇಂಟೇಕ್ ಗಾಳಿಯ ಉಷ್ಣತೆ (0ಎಫ್), ಹೊರಗಿನ ವಾಯುಭಾರ (33), ಇಸಿಯು ಕೇಳುತ್ತಿರುವ ಲ್ಯಾಂಬ್ಡಾ (44). ಲ್ಯಾಂಬ್ಡಾ ಅಂದರೆ ಗಾಳಿ-ಇಂಧನ ಮಿಶ್ರಣದ ಹದ: 1.0 ಎಂದರೆ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು.

ಆ್ಯಪ್ ತೋರಿಸುವ ಮೈಲೇಜಿನಲ್ಲಿ ಒಂದು ಮೋಸ ಅಡಗಿದೆ. ಗಾಳಿ-ಇಂಧನದ ಅನುಪಾತ 14.7 ಎಂದು ಅದರಲ್ಲಿ ಮೊದಲೇ ಬರೆದಿರುತ್ತದೆ. ಅದು ಶುದ್ಧ ಪೆಟ್ರೋಲಿನದು. ಇ20ಗೆ 13.5ರ ಆಸುಪಾಸು. ಇದನ್ನು ಬದಲಿಸದಿದ್ದರೆ ಖರ್ಚು ಶೇ. 8ರಷ್ಟು ಕಡಿಮೆ ಕಾಣಿಸಿ, ಗಾಡಿ ಸುಮ್ಮನೆ ಹೊಗಳಿಸಿಕೊಳ್ಳುತ್ತದೆ.

80 ಕಿ.ಮೀ. ವೇಗ, ಆರನೇ ಗೇರ್, ಸಮತಟ್ಟು ರಸ್ತೆಯ ಒಂದು ಸಾಲು: 1,850 ಆರ್‌ಪಿಎಂ, ಮ್ಯಾನಿಫೋಲ್ಡ್ 58 ಕಿಲೊಪ್ಯಾಸ್ಕಲ್, 42 ಡಿಗ್ರಿ. ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ (ಸಿಲಿಂಡರಿನಲ್ಲಿ ಗಾಳಿ ನಿಜಕ್ಕೂ ತುಂಬುವ ಪಾಲು) 0.90 ಹಿಡಿದರೆ ಸೆಕೆಂಡಿಗೆ 10.7 ಗ್ರಾಂ ಗಾಳಿ. ಅದನ್ನು 3,600ರಿಂದ ಗುಣಿಸಿ, 13.5 × 750ರಿಂದ (750 ಎಂದರೆ ಲೀಟರ್ ಇಂಧನದ ತೂಕ, ಗ್ರಾಂ ಲೆಕ್ಕದಲ್ಲಿ) ಭಾಗಿಸಿದರೆ ಗಂಟೆಗೆ 3.8 ಲೀಟರ್; ಲೀಟರಿಗೆ 21 ಕಿ.ಮೀ. ಈ 0.90 ಊಹೆಯಲ್ಲ, ಲಾಗಿನ ಒಟ್ಟು ಲೀಟರ್ ಬಂಕಿನ 41.9ಕ್ಕೆ ಹೊಂದುವವರೆಗೆ ತಿದ್ದಿ ಬಂದ ಅಂಕಿ.

ಆ ಸಾಲಿನಲ್ಲಿರುವ 58 ಅನ್ನು ಗಮನಿಸಿ. ಹೊರಗೆ 91 ಇದೆ. ಅಂದರೆ ಟರ್ಬೊ ತಳ್ಳುವುದಿರಲಿ, ಥ್ರಾಟಲ್ ಅರೆಮುಚ್ಚಿ ಎಂಜಿನ್ನಿನ ಕತ್ತು ಹಿಸುಕುತ್ತಿದೆ. ಇಡೀ ಸುತ್ತಿನ ಸುಮಾರು 13 ಗಂಟೆಯಲ್ಲಿ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ವಾಯುಭಾರವನ್ನು ದಾಟಿದ್ದು ಶೇ. 5ರಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಸುಟ್ಟದ್ದು ಒಟ್ಟು ಇಂಧನದ ಶೇ. 24. ಉಳಿದ ಶೇ. 76 ಖರ್ಚಾಗಿದ್ದು ಟರ್ಬೊ ಸುಮ್ಮನೆ ತಿರುಗುತ್ತಿದ್ದಾಗ.

ಲ್ಯಾಂಬ್ಡಾ ಕಡೆಯಿಂದಲೂ ದೊಡ್ಡ ಕಳ್ಳ ಸಿಗಲಿಲ್ಲ. ಏರಿನಲ್ಲಿ ಲಾರಿ ಹಿಂದಿಕ್ಕಲು ಪೂರ್ತಿ ತುಳಿದಾಗ ಮೊದಲ 4 ಸೆಕೆಂಡ್ 1.0 ಇದ್ದು, ಆಮೇಲೆ 0.86ಕ್ಕೆ ಇಳಿಯುತ್ತದೆ. ಎಕ್ಸಾಸ್ಟ್ ಕಾದು ಟರ್ಬೈನ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಸುಡದಿರಲಿ ಎಂದು ಇಸಿಯು ಹೆಚ್ಚುವರಿ ಪೆಟ್ರೋಲ್ ಸುರಿದು ತಣಿಸುವ ಕ್ರಮ ಇದು. ಒಂದು ಓವರ್‌ಟೇಕಿಗೆ ಹೀಗೆ ದಂಡವಾಗುವುದು ಸುಮಾರು 10 ಮಿಲಿ. ನಲವತ್ತು ಓವರ್‌ಟೇಕಿಗೆ 400 ಮಿಲಿ, ಒಟ್ಟು ಖರ್ಚಿನ ಶೇ. 1.

ಓಡೊ 42,300: ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ

ಬೂಸ್ಟ್ ಗೇಜಿನ ಅಂಕಿಯಲ್ಲ, ಕಂಪ್ರೆಸರಿನ ಒತ್ತಡ-ಅನುಪಾತ ನೋಡಬೇಕು. ಇಸಿಯು ಎಲ್ಲಿದ್ದರೂ ಮ್ಯಾನಿಫೋಲ್ಡಿನಲ್ಲಿ 1.80 ಬಾರ್ ಕೇಳುತ್ತದೆ. ಇಂಟರ್‌ಕೂಲರಿನಲ್ಲಿ 0.05 (ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ನಷ್ಟ ಸೇರಿಸಿದರೆ ಕಂಪ್ರೆಸರಿನ ಹೊರಬಾಯಲ್ಲಿ 1.85. ಮಂಗಳೂರಿನಲ್ಲಿ ಒಳಬರುವ ಗಾಳಿ 1.01, ಫಿಲ್ಟರ್ ನಷ್ಟ ಕಳೆದು 0.99, ಅನುಪಾತ 1.87. ಬೆಂಗಳೂರಿನಲ್ಲಿ 0.91, ಕಳೆದು 0.89, ಅನುಪಾತ 2.08. ಒಳಗಾಳಿ 30 ಡಿಗ್ರಿ, ಕಂಪ್ರೆಸರ್ ದಕ್ಷತೆ ಶೇ. 70 ಎಂದರೆ ಹೊರಬರುವ ಗಾಳಿ ಮಂಗಳೂರಿನಲ್ಲಿ 115 ಡಿಗ್ರಿ, ಬೆಂಗಳೂರಿನಲ್ಲಿ 131.

ಟರ್ಬೊ ಇಲ್ಲದ ಗಾಡಿ ಎತ್ತರದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಡಿ ಶಕ್ತಿ ಉಳಿಸಿಕೊಂಡು ಅದರ ಬೆಲೆಯನ್ನು ಬಿಸಿಯಲ್ಲಿ ತೆರುತ್ತದೆ. ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಧೂಳು ಮತ್ತು ಹುಳ ಕೂತಿದ್ದರೆ ಆ ಬಿಸಿ ಮ್ಯಾನಿಫೋಲ್ಡಿಗೆ ಬಂದು, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ತಡೆಯಲು ಇಸಿಯು ಸ್ಪಾರ್ಕಿನ ಟೈಮಿಂಗ್ ಹಿಂದೆ ಎಳೆಯುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಮನೆಯ ಪೈಪಿನ ಒತ್ತಡ ಸಾಕು. ವಾಟರ್ ಸರ್ವೀಸಿನ ಗನ್ ಹಿಡಿದರೆ ರೆಕ್ಕೆಗಳು ಮಲಗುತ್ತವೆ. ಮಲಗಿದ ರೆಕ್ಕೆಗಿಂತ ಧೂಳೇ ವಾಸಿ.

ಓಡೊ 42,520: ಲೀಕ್ ಹುಡುಕಿದ್ದು

ಇಂಟರ್‌ಕೂಲರಿನ ಕೆಳ ಹೋಸಿನ ಬಾಯಲ್ಲಿ ಎಣ್ಣೆಯ ಪಸೆ ಇತ್ತು. ಬರೀ ಪಸೆಯಾದರೆ ಚಿಂತೆಯಿಲ್ಲ, ಎಂಜಿನ್ನಿನ ಎಣ್ಣೆಯ ಆವಿ ಹೊರಹೋಗುವ ಬ್ರೀದರ್ ಪೈಪಿನಿಂದ ಎಲ್ಲ ಟರ್ಬೊ ಗಾಡಿಗೂ ಬರುತ್ತದೆ. ಪಸೆಯ ಮೇಲೆ ಧೂಳು ಗೆರೆ ಎಳೆದಂತೆ ಒಂದೇ ಕಡೆ ಬೀಸಣಿಗೆಯಾಕಾರದಲ್ಲಿ ಹರಡಿದ್ದರೆ ಅಲ್ಲಿಂದ ಗಾಳಿ ಹೊರಡುತ್ತಿದೆ ಎಂದರ್ಥ.

ಪರೀಕ್ಷೆಯ ಸಾಮಾನು: 50 ಮಿ.ಮೀ. ಪಿವಿಸಿ ಎಂಡ್ ಕ್ಯಾಪ್, ಅದರ ನಡುವೆ 11.5 ಮಿ.ಮೀ. ತೂತು, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಟರ್ಬೊದ ಒಳಬಾಯಿಯ ಹೋಸಿಗೆ ಕ್ಯಾಪ್ ಸೇರಿಸಿ ಕ್ಲ್ಯಾಂಪ್ ಬಿಗಿಯುವುದು. ಬ್ರೀದರ್ ಪೈಪ್ ಬಿಚ್ಚಿ, ಹೋಸಿನ ಕಡೆಯ ತೂತಿಗೆ ಬಿರಡೆ ಹಾಕುವುದು. ಇದನ್ನು ಮರೆತರೆ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಹೊರಗೆ ದೂಡುತ್ತದೆ, ಐವತ್ತು ರೂಪಾಯಿಯ ಪರೀಕ್ಷೆಗೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಇಗ್ನಿಷನ್ ಆಫ್, ಥ್ರಾಟಲ್ ಮುಚ್ಚಿರಲಿ. ಪಂಪಿನಿಂದ 0.7 ಬಾರ್ ತುಂಬಿಸಿ ನಿಲ್ಲಿಸುವುದು. ಎದುರಿಗೆ ಮುಖ ಇಡಬಾರದು, ಕ್ಯಾಪ್ ಹಾರಿದರೆ ಕಲ್ಲಿನಂತೆ ಬಡಿಯುತ್ತದೆ.

ಮೊದಲು 0.7ರಿಂದ 0.4ಕ್ಕೆ 6 ಸೆಕೆಂಡಿನಲ್ಲಿ ಇಳಿಯಿತು. ಸೋಪಿನ ನೀರು ಹಚ್ಚಿದಾಗ ಕೆಳ ಹೋಸಿನಲ್ಲಿ ಕ್ಲ್ಯಾಂಪಿನ ಸ್ಕ್ರೂ ಇರುವ ಜಾಗದಿಂದಲೇ ಗುಳ್ಳೆ. ಮಾಮೂಲಿ ಸ್ಕ್ರೂ ಕ್ಲ್ಯಾಂಪ್ ಅಲ್ಲಿ ಸುತ್ತಲೂ ಸಮನಾಗಿ ಒತ್ತುವುದಿಲ್ಲ. ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿ, ಪೈಪಿನ ಉಬ್ಬುಗೆರೆಯ ಹಿಂದೆ ಕೂರುವಂತೆ ಸರಿಸಿದ ಮೇಲೆ 20 ಸೆಕೆಂಡಿಗೆ 0.6ರ ಮೇಲೇ ನಿಂತಿತು. ಮೂರನೇ ಗೇರ್, 2,000 ಆರ್‌ಪಿಎಂನಿಂದ ಪೂರ್ತಿ ತುಳಿದರೆ 170 ಕಿಲೊಪ್ಯಾಸ್ಕಲ್ ಮುಟ್ಟಲು ಹಿಂದೆ 2.3 ಸೆಕೆಂಡ್, ಈಗ 1.9.

ಎರಡನೇ ಸುತ್ತು: 41.7 ಲೀಟರ್. ಲೀಟರಿಗೆ 16.9. ಪಿಕಪ್ ಬಂತು, ಮೈಲೇಜ್ ಬರಲಿಲ್ಲ. ಲಾಗ್ ನೋಡಿದವರಿಗೆ ಅಚ್ಚರಿಯೇನಿಲ್ಲ: ಶೇ. 95 ಹೊತ್ತು ಆ ಹೋಸಿನಲ್ಲಿ ಒತ್ತಡವೇ ಇರುವುದಿಲ್ಲ, ಸೋರುವುದಾದರೂ ಏನು? ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಾದರೆ ಕಥೆ ಬೇರೆ. ಎಣಿಸಿದ ಗಾಳಿ ದಾರಿಯಲ್ಲೇ ಸೋರಿ, ಇಸಿಯು ಇಲ್ಲದ ಗಾಳಿಗೂ ಪೆಟ್ರೋಲ್ ಹಾಕಿ, ಬೂಸ್ಟ್ ಹೊತ್ತಿನಲ್ಲಿ ಕರಿಹೊಗೆ ಕಾಣಿಸುತ್ತದೆ.

ವೇಸ್ಟ್‌ಗೇಟ್ ಕಡ್ಡಿಯ ನಟ್ ಎರಡು ಸುತ್ತು ಬಿಗಿದರೆ ಸಾಕು ಅನ್ನುವ ಸಲಹೆ ಗ್ಯಾರೇಜುಗಳಲ್ಲಿ ಉಚಿತ. ಬಿಗಿದರೆ ಕನಿಷ್ಠ ಬೂಸ್ಟ್ ಏರುತ್ತದೆ, ಇಸಿಯು ಓವರ್‌ಬೂಸ್ಟ್ ಎಂದು ಶಕ್ತಿ ಕಡಿತಗೊಳಿಸುವ ಲಿಂಪ್ ಮೋಡಿಗೆ ಹೋಗುತ್ತದೆ. ಮೈಲೇಜಿಗೆ ಏನೂ ಇಲ್ಲ. ಎಲೆಕ್ಟ್ರಿಕ್ ಆಕ್ಚುಯೇಟರ್ ಇರುವ ಹೊಸ ಗಾಡಿಗಳು ನಿಧಾನ ಓಟದಲ್ಲಿ ಗೇಟನ್ನು ಬೇಕೆಂದೇ ತೆರೆದಿಟ್ಟು ಎಕ್ಸಾಸ್ಟಿಗೆ ಅಡ್ಡದಾರಿ ಕೊಡುತ್ತವೆ. ಲಾಭ ಇದೆ, ಚಿಕ್ಕದು. 80ರಲ್ಲಿ ಹರಿಯುವ 10.7 ಗ್ರಾಂ ಗಾಳಿ, 5,000 ಆರ್‌ಪಿಎಂ ಪೂರ್ತಿ ಬೂಸ್ಟಿನ 86 ಗ್ರಾಮಿನ ಎಂಟನೇ ಒಂದು ಪಾಲು. ಅಷ್ಟಕ್ಕೆ ಟರ್ಬೈನ್ ಒಡ್ಡುವ ತಡೆ ಅಲ್ಪ.

ಓಡೊ 43,700: ದೊಡ್ಡ ಟರ್ಬೊದ ಯೋಚನೆ, ಕೈಬಿಟ್ಟದ್ದು

ಕಂಪ್ರೆಸರ್ ಚಕ್ರವನ್ನು 40ರಿಂದ 44 ಮಿ.ಮೀ.ಗೆ ಏರಿಸಿ, ಟರ್ಬೈನ್ ಹೌಸಿಂಗಿನ ಎ/ಆರ್ (ಎಕ್ಸಾಸ್ಟ್ ಹಾಯುವ ದಾರಿಯ ಅಳತೆ) ದೊಡ್ಡದು ಮಾಡಿದರೆ ಎಕ್ಸಾಸ್ಟ್ ಸಲೀಸಾಗಿ ಹೋಗಿ ಮೈಲೇಜ್ ಬರಬಹುದೇ? ಕಾಗದದ ಮೇಲೆ ನಾಲ್ಕು ಮಿ.ಮೀ. ಏನೂ ಅಲ್ಲ. ಆದರೆ ಚಕ್ರದ ಜಡತೆ ವ್ಯಾಸದ ಐದನೇ ಘಾತದಂತೆ ಏರುತ್ತದೆ: 1.1ರ ಐದನೇ ಘಾತ 1.61. ಶೇ. 10 ದೊಡ್ಡದಾದ ಚಕ್ರ ಎಬ್ಬಿಸಲು ಶೇ. 61 ಹೆಚ್ಚು ಭಾರ. 40 ಮಿ.ಮೀ. ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 419 ಮೀಟರ್ ಓಡುತ್ತಿರುತ್ತದೆ. ಅಲ್ಲಿಗೆ ಮುಟ್ಟಿಸುವ ಕೆಲಸ ಎಕ್ಸಾಸ್ಟಿನದು. ಬೂಸ್ಟ್ 1,800ರ ಬದಲು 2,500 ಆರ್‌ಪಿಎಂಗೆ ಬಂದರೆ ಡ್ರೈವರ್ ಪ್ರತಿ ಏರಿನಲ್ಲೂ ಒಂದು ಗೇರ್ ಇಳಿಸುತ್ತಾನೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಮೂರು ಸಿಲಿಂಡರಿಗೆ ಇನ್ನೊಂದು ಅನುಕೂಲ ಮೊದಲೇ ಇದೆ. ಎಕ್ಸಾಸ್ಟ್ ಹೊಡೆತಗಳ ನಡುವೆ 240 ಡಿಗ್ರಿ ಅಂತರ, ಹಾಗಾಗಿ ಒಂದರ ಉಸಿರು ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ನಾಲ್ಕು ಸಿಲಿಂಡರಿನಲ್ಲಿ 180 ಡಿಗ್ರಿ. ಅಲ್ಲಿ ಸಿಲಿಂಡರ್ ಜೋಡಿಗಳ ಎಕ್ಸಾಸ್ಟನ್ನು ಬೇರ್ಪಡಿಸುವ ಟ್ವಿನ್ ಸ್ಕ್ರೋಲ್ ಹೌಸಿಂಗಿಗೆ ಅರ್ಥವಿದೆ, ಇಲ್ಲಿಲ್ಲ. ಸಣ್ಣ ಎಂಜಿನ್ನಿನಲ್ಲಿ ಟರ್ಬೈನಿನಿಂದ ಮೈಲೇಜ್ ತೆಗೆಯುವ ಸರಿಯಾದ ದಾರಿ ಫೋಕ್ಸ್‌ವ್ಯಾಗನ್ 1.5 ಟಿಎಸ್‌ಐ ಇವೊದ ಒಂದು ಬಗೆಯಲ್ಲಿ ಇತ್ತು. ಟರ್ಬೈನ್ ಚಕ್ರದ ಸುತ್ತಲಿನ ರೆಕ್ಕೆಗಳು ಕೋನ ಬದಲಿಸುವ ವಿಟಿಜಿ ಟರ್ಬೊ, ಜೊತೆಗೆ ಇಂಟೇಕ್ ವಾಲ್ವನ್ನು ಬೇಗ ಮುಚ್ಚುವ ಮಿಲ್ಲರ್ ಸೈಕಲ್, 12.5 ಕಂಪ್ರೆಷನ್. ಎಲ್ಲ ಒಟ್ಟಿಗೆ ವಿನ್ಯಾಸ ಮಾಡಿದಾಗ ಮಾತ್ರ ಫಲ. ಟರ್ಬೊ ಒಂದನ್ನೇ ತಂದು ಬೋಲ್ಟ್ ಮಾಡಿದರಲ್ಲ. ಮೇಲಾಗಿ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ.

ಓಡೊ 45,314: ಮೂರನೇ ಸುತ್ತು

ಈ ಸಲ ಗಾಡಿಯನ್ನು ಮುಟ್ಟದೆ ಓಟವನ್ನಷ್ಟೇ ಬದಲಿಸಿದ್ದು. ನೆಲಮಂಗಲದಿಂದ ಹಾಸನದವರೆಗಿನ ನಾಲ್ಕು ಪಥದಲ್ಲಿ 100ರ ಬದಲು 85. ಟೈರ್ 29ರಿಂದ, ಬಾಗಿಲ ಸ್ಟಿಕರಿನಲ್ಲಿ ಹೇಳಿದ 33 ಪಿಎಸ್‌ಐಗೆ. 80ರಲ್ಲಿ ಐದನೇ ಗೇರಿಗೆ ಗಂಟೆಗೆ 4.05 ಲೀಟರ್, ಆರನೆಯದಕ್ಕೆ 3.8, ಹಾಗಾಗಿ ಆರಕ್ಕೆ ಬೇಗ.

38.3 ಲೀಟರ್. ಲೀಟರಿಗೆ 18.4.

ಲೆಕ್ಕ ಹೊಂದುತ್ತದೆ. ಗಾಳಿ ಮತ್ತು ಟೈರಿನ ಪ್ರತಿರೋಧ ಸೇರಿ 100ರಲ್ಲಿ ಸುಮಾರು 470 ನ್ಯೂಟನ್, 85ರಲ್ಲಿ 380. ಶೇ. 19 ಕಡಿಮೆ, ನಾಲ್ಕು ಪಥ ದಾರಿಯ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಒಟ್ಟಿನಲ್ಲಿ ಶೇ. 9ರ ಹತ್ತಿರ. ಸಿಕ್ಕಿದ್ದು ಮೊದಲ ಸುತ್ತಿಗಿಂತ ಶೇ. 9.

ಒಂದು ಎಚ್ಚರಿಕೆ. ‘ದೊಡ್ಡ ಗೇರ್, ಕಡಿಮೆ ಆರ್‌ಪಿಎಂ’ ಎನ್ನುವುದನ್ನು ಅತಿಗೆ ಒಯ್ಯಬಾರದು. 2,000 ಆರ್‌ಪಿಎಂ ಕೆಳಗೆ ಪೆಡಲ್ ಪೂರ್ತಿ ತುಳಿದರೆ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಸ್ಪಾರ್ಕಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ, ಎಲ್‌ಎಸ್‌ಪಿಐ ಎನ್ನುತ್ತಾರೆ. ನಾಕ್ ಸೆನ್ಸರ್ ಕೇಳಿಸಿಕೊಳ್ಳುವಷ್ಟರಲ್ಲಿ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಒಡೆದಿರಬಹುದು. ಇದಕ್ಕೆಂದೇ ಪರೀಕ್ಷಿಸಿದ ಎಪಿಐ ಎಸ್‌ಪಿ ದರ್ಜೆಯ ಆಯಿಲ್ 2020ರಿಂದ ಇದೆ. ಡಬ್ಬಿಯ ಹಿಂದೆ ಆ ಅಕ್ಷರ ನೋಡಿಯೇ ಕೊಳ್ಳುವುದು. ನಮ್ಮ ಲಾಗಿನಲ್ಲಿ ಈಗ ಕಟ್ಟುನಿಟ್ಟು: 1,800ರ ಕೆಳಗೆ ಅರ್ಧ ಪೆಡಲ್ ದಾಟದು, ಏರು ಬಂದರೆ ಗೇರ್ ಇಳಿಯುತ್ತದೆ.

ಬಾಕಿ ಇರುವುದು ಟರ್ಬೈನಿಗೆ ಮುಂಚಿನ ಎಕ್ಸಾಸ್ಟ್ ಉಷ್ಣತೆ. ಲ್ಯಾಂಬ್ಡಾ ಇಳಿಯುವ ಆ 4 ಸೆಕೆಂಡಿನ ಗಡಿ ಎಷ್ಟು ಡಿಗ್ರಿಗೆ ಬೀಳುತ್ತದೆ ಎಂದು ತಿಳಿಯಲು ಕೆ-ಟೈಪ್ ಥರ್ಮೊಕಪಲ್ ತಂದಿಟ್ಟಾಗಿದೆ. ಅದನ್ನು ಸಿಕ್ಕಿಸಲು, ಗಾಡಿಯ ಮೇಲಿರುವಾಗಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊರೆದರೆ ಕಬ್ಬಿಣದ ಚೂರು ನೇರ ಟರ್ಬೈನ್ ರೆಕ್ಕೆಗೆ ಹೋಗುತ್ತದೆ. ಗ್ಯಾಸ್ಕೆಟ್ ಬದಲಿಸಲು ಅದು ಕೆಳಗಿಳಿಯುವವರೆಗೆ ಥರ್ಮೊಕಪಲ್ ಡಬ್ಬಿಯಲ್ಲೇ.