ಪಾಳು ಗಣಿಯ ಬೀಗದ ಕೈ ಯಾರ ಹತ್ತಿರ?

ಪಾಳುಬಿದ್ದ ಗಣಿಗಳ ಹಿಂದೆ ಬಿದ್ದವರಲ್ಲಿ ಎರಡು ಜಗಳ ಮುಗಿಯುವುದೇ ಇಲ್ಲ. ಗಣಿಯ ಬಾಯಿಗೆ ಬೀಗ ಹಾಕಬೇಕೋ ಬೇಡವೋ ಎಂಬುದು ಒಂದು. ಒಳಗೆ ಸಿಕ್ಕಿದ್ದನ್ನು ಅಲ್ಲೇ ಬಿಡಬೇಕೋ, ಹೊರಗೆ ತಂದು ಉಳಿಸಬೇಕೋ ಎಂಬುದು ಇನ್ನೊಂದು. ಲ್ಯಾವೆಲ್ಲೆ ರಸ್ತೆಗೆ ಹೆಸರು ಕೊಟ್ಟ ಮೈಕೆಲ್ ಲ್ಯಾವೆಲ್ಲೆ 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ಹುಡುಕಲು ಹೊರಟವನು. ಅವನ ಹಿಂದೆ ಬೆಳೆದ ಕೆಜಿಎಫ್ ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಹಾಗಾಗಿ ಈ ಜಗಳ ನಮ್ಮ ಮನೆಬಾಗಿಲಿನದೇ. ನನ್ನ ನಿಲುವು ಇಷ್ಟು: ಬೀಗ ಇರಲಿ. ಆದರೆ ಬೀಗದ ಕೈ ಯಾರ ಹತ್ತಿರ ಇದೆ, ಯಾರು ಯಾವತ್ತು ಹೋದರು, ಏನನ್ನು ದಾಖಲು ಮಾಡಿ ಬಂದರು ಎಂಬ ಪುಸ್ತಕವೂ ಇರಬೇಕು. ಪುಸ್ತಕವಿಲ್ಲದ ಬೀಗ ಅಭ್ಯಾಸಿಗಳನ್ನು ಮಾತ್ರ ತಡೆಯುತ್ತದೆ. ಗುಜರಿ ಕದಿಯುವವರು ಗ್ಯಾಸ್ ಕಟರ್ ಹಿಡಿದುಕೊಂಡೇ ಬರುತ್ತಾರೆ.

ಕೆಜಿಎಫ್ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಲ್ಲಿ ಕೆಳಗಿಳಿಯುವ ಪ್ರಶ್ನೆಯೇ ಇಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿತು. ಪಂಪುಗಳು ನಿಂತ ಮೇಲೆ ನೀರು ಏರುತ್ತಾ ಬಂತು. ಸುಮಾರು 3.2 ಕಿ.ಮೀ. ಆಳದ ಚಾಂಪಿಯನ್ ರೀಫ್ ಗಣಿಯ ತಳಗಳು ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. 1965ರಲ್ಲಿ ವಾತಾವರಣದ ನ್ಯೂಟ್ರಿನೊ (ಬಂಡೆಯನ್ನೂ ತೂರಿ ಹೋಗುವ ಅತಿಸೂಕ್ಷ್ಮ ಕಣ) ಮೊದಲು ಪತ್ತೆಯಾದ ಜಾಗಗಳಲ್ಲಿ ಒಂದು ಇಲ್ಲೇ, ಸುಮಾರು 2.3 ಕಿ.ಮೀ. ಕೆಳಗಿತ್ತು. ಅದಕ್ಕೂ ಇದೇ ಗತಿ. ನೀರಿನ ಮೇಲಿನ ಭಾಗದಲ್ಲಿ ಮರದ ಆಧಾರಗಳು ಕೊಳೆತಿವೆ. ನೇರ ಕೆಳಗಿಳಿಯುವ ಗಣಿ ಬಾವಿಯ, ಅಂದರೆ ಶಾಫ್ಟ್‌ನ ಬಾಯಿ ಮಳೆಗೆ ಕುಸಿದು ಲಾಳಿಕೆಯ ಹಾಗೆ ಅಗಲವಾಗುತ್ತದೆ, ಅಂಚಿನಲ್ಲಿ ನಿಂತವನಿಗೆ ತನ್ನ ಕಾಲ ಕೆಳಗೆ ಟೊಳ್ಳಿದೆ ಎಂದು ಗೊತ್ತಾಗುವುದಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಮುಚ್ಚಿದ ಗಣಿಗೆ ಇಳಿದವರಲ್ಲಿ ಮೂವರು ಜೀವ ಕಳೆದುಕೊಂಡರು. ಆದ್ದರಿಂದ ಕೆಜಿಎಫ್‌ನಲ್ಲಿ ಉಳಿಸಬೇಕಾದದ್ದು ನೆಲದ ಮೇಲಿದೆ: ಶಾಫ್ಟಿನ ಮೇಲೆ ನಿಂತ ಗೋಪುರಗಳಾದ ಹೆಡ್‌ಗೇರ್‌ಗಳು, ಜನರನ್ನೂ ಅದಿರನ್ನೂ ಏರಿಳಿಸುತ್ತಿದ್ದ ವೈಂಡಿಂಗ್ ಎಂಜಿನ್ ಮನೆಗಳು, ನಕ್ಷೆಗಳು, ರಿಜಿಸ್ಟರುಗಳು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳು.

ಬೇರೆ ಕಡೆ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸಣ್ಣ ಸುರಂಗಗಳಲ್ಲಿ, ಬೀಗದ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಮಾಲೀಕರು ಹೆದರಿದಾಗ ಮೊದಲು ಮಾಡುವ ಕೆಲಸ ಬಾಯಿಗೆ ಕಲ್ಲುಮಣ್ಣು ಸುರಿಯುವುದು ಅಥವಾ ಕಾಂಕ್ರೀಟ್ ಗೋಡೆ ಎಬ್ಬಿಸುವುದು. ಎರಡೂ ಕೆಡುತ್ತವೆ. ಸುರಿದ ಮಣ್ಣು ವರ್ಷಗಳಲ್ಲಿ ಕುಗ್ಗುತ್ತದೆ. ಕೆಳಗೆ ಹಳೆಯ ಮರದ ಅಟ್ಟವಿದ್ದರೆ ಅದು ಕೊಳೆತ ದಿನ ಮಣ್ಣೆಲ್ಲ ಒಮ್ಮೆಲೇ ಜಾರಿ ಹೊಸ ಗುಂಡಿ ಬೀಳುತ್ತದೆ. ಗೋಡೆಯ ಹಿಂದೆ ನೀರು ಹರಿದುಹೋಗಲು ಪೈಪ್ ಬಿಡದಿದ್ದರೆ ಸುರಂಗ ತೊಟ್ಟಿಯಾಗಿ ತುಂಬಿಕೊಳ್ಳುತ್ತದೆ, ಒಂದು ಮಳೆಗಾಲ ಗೋಡೆಯನ್ನೇ ಒಡೆದುಕೊಂಡು ನುಗ್ಗುತ್ತದೆ.

ಸರಿಯಾದ ದಾರಿ ಸರಳುಗಳ ಗೇಟು. ಸರಳುಗಳು ಅಡ್ಡಲಾಗಿರಬೇಕು, ನಡುವಿನ ಸಂದು ಸುಮಾರು 150 ಮಿ.ಮೀ. ಇರಬೇಕು. ಅದಕ್ಕಿಂತ ಹೆಚ್ಚಾದರೆ ಮಕ್ಕಳು ನುಸುಳುತ್ತಾರೆ, ಕಡಿಮೆಯಾದರೆ ಬಾವಲಿ ಹಾರಲಾರದು. ಲಂಬದ ಆಧಾರಗಳ ನಡುವೆ ಕನಿಷ್ಠ 450 ಮಿ.ಮೀ. ಅಂತರ ಬೇಕು, ಯಾಕೆಂದರೆ ಬಾವಲಿ ರೆಕ್ಕೆ ಹರಡಿಕೊಂಡೇ ದಾಟುತ್ತದೆ. ಮನೆ ಕಿಟಕಿಯ ಗ್ರಿಲ್ ಮಾದರಿಯನ್ನು ತಂದು ಕೂರಿಸಿದರೆ ಒಳಗಿನ ಬಾವಲಿಗಳ ಗುಂಪೇ ಹೊರಟುಹೋಗುತ್ತದೆ. ಚೌಕಟ್ಟಿನ ಗೂಟಗಳನ್ನು ಗಟ್ಟಿ ಬಂಡೆಯಲ್ಲೇ ಕೊರೆದು ಕೂರಿಸಬೇಕು. ಬಾಯಿಯ ಹತ್ತಿರದ ಕಲ್ಲು ಸಾಮಾನ್ಯವಾಗಿ ಶಿಥಿಲ, ಅಲ್ಲಿ ಹಾಕಿದ ಗೇಟನ್ನು ಹಾರೆ ಹಾಕಿ ಮೀಟಿದರೆ ಇಡಿಯಾಗಿ ಕಿತ್ತುಬರುತ್ತದೆ. ಒಂದೆರಡು ಮೀಟರ್ ಒಳಕ್ಕೆ ಹೋದರೂ ಪರವಾಗಿಲ್ಲ. ಬೀಗಕ್ಕೆ ಉಕ್ಕಿನ ಪೆಟ್ಟಿಗೆ ಮಾಡಿ, ಬೀಗದ ಕೈಯನ್ನು ಕೆಳಗಿನಿಂದ ತೂರಿಸುವ ಹಾಗಿದ್ದರೆ ಕಟರ್‌ನ ಬಾಯಿಗೆ ಬೀಗ ಸಿಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು. ಬೇರೆ ಬಾಯಿಯಿಂದ ಒಳಹೊಕ್ಕವನು ಇಲ್ಲಿ ಬಂದು ಸಿಕ್ಕಿಕೊಂಡರೆ ಗೇಟೇ ಗೋರಿಯಾಗುತ್ತದೆ.

ಬೀಗದ ಕೈ ಹಂಚಿಕೆ ಎಲ್ಲಿ ಕೆಲಸ ಮಾಡಿದೆ ಎಂದರೆ ಇಂಗ್ಲೆಂಡಿನ ಆಲ್ಡರ್ಲಿ ಎಜ್ ತಾಮ್ರದ ಗಣಿಗಳಲ್ಲಿ. ನೆಲ ನ್ಯಾಷನಲ್ ಟ್ರಸ್ಟ್‌ನದು, ಒಳಹೋಗುವ ವ್ಯವಸ್ಥೆ ಡರ್ಬಿಶೈರ್ ಕೇವಿಂಗ್ ಕ್ಲಬ್‌ನದು. ಗೇಟಿಗೆ ಬೀಗವಿದೆ, ಜನ ಬಂದು ನೋಡುವ ದಿನಗಳೂ ಇವೆ. 1995ರಲ್ಲಿ ಆ ಕ್ಲಬ್ಬಿನವರಿಗೆ ಅಲ್ಲಿ 564 ರೋಮನ್ ನಾಣ್ಯಗಳು ಸಿಕ್ಕವು. ಆ ನಿಧಿ ಯಾರ ಜೇಬಿಗೂ ಸೇರಲಿಲ್ಲ, ವಿದ್ವಾಂಸರ ಕೈ ಸೇರಿತು. ಕದ್ದು ಒಳಹೋದವನಿಗೆ ಅದೇ ಸಿಕ್ಕಿದ್ದರೆ ಯಾರಿಗೆ ಹೇಳುತ್ತಿದ್ದ? ಹೇಳಿದರೆ ಅತಿಕ್ರಮ ಪ್ರವೇಶವನ್ನೂ ಒಪ್ಪಿಕೊಂಡ ಹಾಗೆ. ಅನುಮತಿಯಿಲ್ಲದ ಹುಡುಕಾಟದಲ್ಲಿ ನನಗೆ ಕಾಣುವ ದೊಡ್ಡ ನಷ್ಟ ಇದೇ: ಕಂಡದ್ದನ್ನು ಹೇಳಲಾಗದ ಸ್ಥಿತಿ.

ಗಾಳಿಯ ಮಾತು. ಕೊಳೆಯುವ ಮರ, ಗಾಳಿಗೆ ಒಡ್ಡಿಕೊಂಡ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಎರಡೂ ಆಮ್ಲಜನಕವನ್ನು ತಿನ್ನುತ್ತವೆ. ಹೊರಗೆ 20.9% ಇರುವುದು 19.5%ಗೆ ಇಳಿದರೆ ಮೀಟರ್ ಕೂಗಬೇಕು, ಕೂಗಿದ ಕ್ಷಣ ವಾಪಸ್. ಮುಂದೆ ಏನಿದೆ ಎಂದು ಇಣುಕುವ ಮಾತಿಲ್ಲ. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಉರಿಯುವ ಅನಿಲ ಈ ನಾಲ್ಕನ್ನೂ ಅಳೆಯುವ ಮೀಟರ್ ಬೇಕು, ಹೊರಡುವ ಮುನ್ನ ಪರೀಕ್ಷಾ ಅನಿಲ ಹಾಯಿಸಿ ನೋಡಿರಬೇಕು. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಎಂದು ನಂಬಿ ಕೂರಬಾರದು. 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹತ್ತಿರ ಮೂಗೇ ಸತ್ತುಹೋಗುತ್ತದೆ. ನಿಂತ ನೀರನ್ನು ಕಾಲಿನಿಂದ ಕಲಕಿದಾಗ ಅದು ಏಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದ ದಿನ ಹೋಗಲೇಬೇಡಿ. ಹೊರಗಿನ ಒತ್ತಡ ಇಳಿದಾಗ ಗಣಿ ತನ್ನೊಳಗಿನ ಕೆಟ್ಟ ಗಾಳಿಯನ್ನು ಬಾಯಿಯ ಕಡೆಗೆ ಉಸಿರಾಡುತ್ತದೆ. ಹಿಂದಿನ ವಾರ ಚೆನ್ನಾಗಿದ್ದ ಸುರಂಗ ಅಂದು ಚೆನ್ನಾಗಿರುವುದಿಲ್ಲ.

ಇನ್ನು ವಸ್ತುಗಳು. "ಬಿಟ್ಟರೆ ಯಾರೋ ಕದಿಯುತ್ತಾರೆ, ಅದಕ್ಕೇ ತಂದೆ" ಎನ್ನುವವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ತಂದ ಮೇಲೆ ಆಗುವುದನ್ನು ಅವರು ಹೇಳುವುದಿಲ್ಲ. ದಶಕಗಳ ಕಾಲ ನೀರಲ್ಲಿದ್ದ ಮರ ಬೆಂಗಳೂರಿನ ಒಣಗಾಳಿಗೆ ಬಂದರೆ ಕೆಲವೇ ವಾರಗಳಲ್ಲಿ ಕುಗ್ಗಿ, ತಿರುಚಿ, ಸೀಳುತ್ತದೆ. ಕೆಸರಿನಲ್ಲಿ ಗಾಳಿ ತಾಕದೆ ಉಳಿದ ಕಬ್ಬಿಣ ಹೊರಬಂದ ಮೇಲೆ ಪದರಪದರವಾಗಿ ಉದುರುತ್ತದೆ. ಮ್ಯೂಸಿಯಂಗಳಲ್ಲಿ ಇಂಥ ಮರವನ್ನು ಮೇಣದಂಥ ದ್ರಾವಣದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆನೆಸಿ ನಿಧಾನವಾಗಿ ಒಣಗಿಸುತ್ತಾರೆ. ಮನೆಯ ಶೋಕೇಸಿನಲ್ಲಿ ಅದು ಆಗದು. ಜೊತೆಗೆ ಕಾನೂನು: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಐತಿಹಾಸಿಕ ಮಹತ್ವದ ವಸ್ತುವಿಗೆ 100 ವರ್ಷ, ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷ ತುಂಬಿದರೆ ಅದು ಪುರಾತನ ವಸ್ತುವಾಗಬಲ್ಲದು. ಅಂದರೆ 1940ರ ಹಾಜರಿ ರಿಜಿಸ್ಟರನ್ನು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಂಡು ಮಾರುವುದು ಅಷ್ಟು ಸಲೀಸಾದ ವ್ಯವಹಾರವಲ್ಲ.

ನನ್ನ ಪ್ರಕಾರ ಮುಟ್ಟುವ ಮೊದಲು ದಾಖಲೆ. ಪ್ರತಿ ವಸ್ತುವಿಗೆ ನಂಬರ್ ಚೀಟಿ, ಪಕ್ಕದಲ್ಲಿ ಸ್ಕೇಲ್, ಮೂರು ದಿಕ್ಕಿನಿಂದ ಫೋಟೊ, ನಕ್ಷೆಯಲ್ಲಿ ಅದರ ಜಾಗ. ಸುರಂಗವನ್ನು ಅಳೆಯುವಾಗ ದಿಕ್ಸೂಚಿಯನ್ನು ಹಳಿ, ಪೈಪು, ನಿಮ್ಮ ಹೆಲ್ಮೆಟ್ ಲೈಟಿನ ಬ್ಯಾಟರಿ ಇವುಗಳಿಂದ ದೂರ ಹಿಡಿಯಬೇಕು. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓದಿ, ಎರಡರ ನಡುವೆ ಇರಬೇಕಾದ 180 ಡಿಗ್ರಿ 2 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಅಲ್ಲೆಲ್ಲೋ ಕಬ್ಬಿಣವಿದೆ ಎಂದರ್ಥ, ಮತ್ತೆ ಅಳೆಯಿರಿ. ಮೂರು ಆಯಾಮದ ಮಾದರಿಗೆ ಫೋಟೊ ತೆಗೆಯುವುದಾದರೆ ಒಂದರ ಮೇಲೊಂದು 60ರಿಂದ 80% ಹಾಯ್ದಿರಬೇಕು. ಒದ್ದೆ ಗೋಡೆಯ ಹೊಳಪು ಲೆಕ್ಕ ತಪ್ಪಿಸುತ್ತದೆ, ಬೆಳಕನ್ನು ಪಕ್ಕದಿಂದ ಹಾಯಿಸಿ. ಕೆಸರಿನಲ್ಲಿ ಕೆಲಸಗಾರರ ಹೆಜ್ಜೆ ಗುರುತು ಉಳಿದಿದ್ದರೆ ಆ ಭಾಗಕ್ಕೆ ಟೇಪ್ ಕಟ್ಟಿ, ಎಲ್ಲರೂ ಒಂದೇ ಜಾಡಿನಲ್ಲಿ ನಡೆಯಿರಿ. ಒಬ್ಬನ ಬೂಟು ಸಾಕು ಅದನ್ನು ಅಳಿಸಲು.

ಜಾಗದ ಗುಟ್ಟಿನ ಬಗ್ಗೆ ನಾನು ಗುಟ್ಟಿನ ಪರ. ಕೋಲಾರದ ಎಲೆಮೂಗಿನ ಬಾವಲಿಯನ್ನೇ ನೋಡಿ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜೀವಿ ಹನುಮನಹಳ್ಳಿಯ ಗುಹೆಯಲ್ಲಿ ಉಳಿದುಕೊಂಡಿದೆ, ಸಂಖ್ಯೆ 200ಕ್ಕೂ ಕಡಿಮೆ. ಅಂಥ ಕಡೆ ನಾಲ್ಕು ಜನ ಟಾರ್ಚ್ ಹಿಡಿದು ನುಗ್ಗಿದರೆ ಮರಿ ಹೊತ್ತ ತಾಯಿಗಳು ಬೆದರಿ ಮರಿ ಬೀಳಿಸುತ್ತವೆ. ಫೋಟೊ ಹಂಚುವ ಮುನ್ನ ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡುವುದಷ್ಟೇ ಸಾಲದು, ಹಳೆಯ ಫೋಟೊಗಳೊಳಗೆ ಸೇರಿಕೊಂಡಿರುವ ಲೊಕೇಶನ್ನನ್ನೂ ತೆಗೆಯಬೇಕು. ಪೂರ್ತಿ ನಕ್ಷೆ ಮಾಲೀಕರಿಗೂ ಬೀಗದ ಕೈ ಇಟ್ಟುಕೊಂಡವರಿಗೂ ಹೋಗಲಿ, ಊರಿಗೆಲ್ಲ ಬೇಡ.

ಕೈಬಿಟ್ಟ ಶಾಫ್ಟಿಗೆ ಬೇಲಿ ಹಾಕುವ ಹೊಣೆ ಮಾಲೀಕರದು. ಅನುಮತಿ ಕೇಳಿದಾಗ ಅವರು ಹಿಂಜರಿಯುವುದಕ್ಕೆ ಕಾರಣ ಇದೇ. ಅರ್ಜಿಯಲ್ಲಿ ಅವರ ಭಯಕ್ಕೆ ಉತ್ತರವಿರಬೇಕು: ದಿನ, ಹೊತ್ತು, ಎಷ್ಟು ಜನ, ಯಾವ ಕಟ್ಟಡ, ನೆಲದ ಕೆಳಗೆ ಇಳಿಯುವುದಿಲ್ಲ ಎಂಬ ಸಾಲು, ಫೋಟೊಗಳ ಒಂದು ಪ್ರತಿ ಅವರಿಗೆ. "ಪರಂಪರೆ ಉಳಿಸಲು" ಎಂದಷ್ಟೇ ಬರೆದ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಕೆಜಿಎಫ್‌ನಲ್ಲಿ ಇನ್ನೊಂದು ಕೆಲಸ, ಅದಕ್ಕೆ ಯಾರ ಅರ್ಜಿಯೂ ಬೇಡ. ಗಣಿಯಲ್ಲಿ ದುಡಿದ ತಾತಂದಿರು ಇನ್ನೂ ಅಲ್ಲಿದ್ದಾರೆ, ಅವರ ಮಕ್ಕಳು ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ. ಯಾವ ಶಾಫ್ಟಿಗೆ ಕಾರ್ಮಿಕರು ಏನೆಂದು ಕರೆಯುತ್ತಿದ್ದರು, ಪಾಳಿ ಬದಲಾದಾಗ ಕೂಗು ಹೇಗಿತ್ತು, ಇದೆಲ್ಲ ಅವರ ತಮಿಳಿನಲ್ಲಿ ಮಾತ್ರ ಇದೆ. ರೆಕಾರ್ಡ್ ಮಾಡುವಾಗ ಅವರ ಮುಂದೆ ಹಳೆಯ ನಕ್ಷೆ ಹರಡಿ ಬೆರಳಿಟ್ಟು ತೋರಿಸಲು ಕೇಳಿ. ಬರಿ ಮಾತಿಗಿಂತ ಬೆರಳು ಹೆಚ್ಚು ಹೇಳುತ್ತದೆ.

ಎಲ್ಲಕ್ಕಿಂತ ಅವಸರದ್ದು ಸೈನೈಡ್ ದಿಬ್ಬಗಳು. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆ, ಅದರಿಂದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ದಿಬ್ಬವೇ ಸ್ಮಾರಕ, ಮುಟ್ಟಬೇಡಿ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಗಾಳಿಗೆ ಏಳುವ ಅದರ ದೂಳನ್ನು ಉಸಿರಾಡುವವರು ಆ ಊರಿನವರು. ಆದರೆ ಯಂತ್ರ ಬರುವ ಮುನ್ನ ಪ್ರತಿ ದಿಬ್ಬದ ಸುತ್ತ ನಾಲ್ಕಾದರೂ ಕಡೆ ನಿಲ್ಲುವ ಜಾಗ ಗುರುತಿಸಿ, ಅದೇ ಜಾಗದಿಂದ ಬೇಸಿಗೆಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಫೋಟೊ ತೆಗೆದಿಡಬೇಕು. ಮಳೆ ಕೊರೆದ ಕೊರಕಲುಗಳಲ್ಲಿ ಸುರಿದ ವರ್ಷಗಳ ಪದರಗಳು ಕಾಣುತ್ತವೆ, ಹತ್ತದೆ, ಕೆಳಗಿನಿಂದಲೇ ಜೂಮ್ ಮಾಡಿ ತೆಗೆಯಿರಿ. ಕೊರಕಲಿನ ಗೋಡೆ ಕೈ ತಾಗಿದರೂ ಕುಸಿಯುತ್ತದೆ. ಗಾಳಿ ಜೋರಿದ್ದ ದಿನ ಹೋಗಬೇಡಿ, ಹೋಗಿ ಬಂದ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ.